ಸೋಯಾ ಗಿಡ ಒಣಗ್ತಿದೆಯಾ? ಎಣ್ಣಿ ಹೊಡೆಯೋ ಮೊದಲು ಕಾಂಡ ಸೀಳಿ ನೋಡ್ರಿ

2023ರ ಆಗಸ್ಟ್ ನೆನಪಿದೆಯಲ್ರೀ? ಹವಾಮಾನ ಇಲಾಖೆ 1901ರಿಂದ ಇಟ್ಟಿರೋ ಲೆಕ್ಕದಲ್ಲಿ ಇಡೀ ದೇಶಕ್ಕೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಅದು. ನಮ್ಮ ಬೈಲಹೊಂಗಲ ಕಡೆ ಸೋಯಾ ಕಾಯಿ ಕಟ್ಟಿ ಕಾಳು ತುಂಬೋ ಹೊತ್ತು. ಮಘಾ ಮಳೆ ಕೈಕೊಟ್ಟಿತ್ತು. ಒಂದು ಸಂಜೆ ನಮ್ಮ ಕಾಕಾ ಫೋನ್ ಮಾಡಿದ.

"ತಮ್ಮಾ, ಸೋಯಾ ಒಣಗಾಕತ್ತೇತಿ. ನಿನ್ನಿ ಹಸರ ಇತ್ತು, ಇವತ್ತ ತಲಿ ಬಾಗೇತಿ. ಅಂಗಡ್ಯಾಗ ಎಣ್ಣಿ ಕೊಟ್ರು, ಒಂದ ಸಲ ಹೊಡದೇನಿ. ಇನ್ನೊಂದ ಹೊಡೀಲೇನು?"

ವಾಟ್ಸಾಪಿನಲ್ಲಿ ಫೋಟೋನೂ ಕಳಿಸಿದ್ದ. ನಾಲ್ಕು ಫೋಟೋ, ನಾಲ್ಕೂ ಎಲೆಯವು. ಹಳದಿ ತಿರುಗಿ ಜೋತು ಬಿದ್ದ ಎಲೆ. ಅಂಗಡಿಗೂ ಅವನು ಇದೇ ಎಲೆ ಕಿತ್ತುಕೊಂಡು ಹೋಗಿದ್ದ. ಅಂಗಡಿಯವರು ಎಲೆ ನೋಡಿ ಎಲೆಯ ಔಷಧಿ ಕೊಟ್ಟಿದ್ದರು. ಮರುದಿನ ನಾನು ಹೋಗಿ ಒಂದು ಗಿಡ ಕಿತ್ತು, ಬುಡದ ಸಿಪ್ಪೆಯನ್ನ ಉಗುರಿನಿಂದ ಕೆರೆದೆ. ಸಿಪ್ಪೆ ಸಲೀಸಾಗಿ ಬಿಟ್ಟು ಬಂತು. ಒಳಗೆ ಬೂದು ಬಣ್ಣ, ಅದರ ಮೇಲೆ ಇದ್ದಿಲಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಕಪ್ಪು ಕಣ. ಕಾಕಾನ ಎರಡು ಸಾವಿರ ರೂಪಾಯಿ ಎಣ್ಣಿ ಎಲೆ ಮೇಲೆ ಒಣಗಿತ್ತು. ರೋಗ ಕೂತಿದ್ದು ಬೇರಿನಲ್ಲಿ.

ಈ ವಾರ ಬರೀತಿರೋದು ಇದರ ಬಗ್ಗೆನೇ. ಸೋಯಾ ಕಾಂಡಕ್ಕೆ ಬರೋ ಬೂಷ್ಟು, ಅಂದರೆ ಶಿಲೀಂಧ್ರ, ಒಂದೇ ಅಲ್ಲ. ಮೇಲಿಂದ ನೋಡಿದ್ರೆ ಎಲ್ಲವೂ "ಗಿಡ ಒಣಗೇತಿ" ಅಷ್ಟೇ. ಒಂದಕ್ಕೆ ನೀರು ಕೊಟ್ಟರೆ ಬೆಳೆ ಉಳಿಯುತ್ತೆ, ಇನ್ನೊಂದಕ್ಕೆ ಅದೇ ನೀರು ಕೊಟ್ಟರೆ ರೋಗ ಹಬ್ಬುತ್ತೆ. ಒಂದರ ಮೇಲೆ ಹಿಂಗಾರಿಗೆ ಕಡಲೆ ಬಿತ್ತಬಾರದು, ಇನ್ನೊಂದರ ಕಾಳು ಬೀಜಕ್ಕೆ ಇಡಬಾರದು. ಯಾವುದು ಅಂತ ಗೊತ್ತಾಗದೆ ಏನು ಮಾಡಿದ್ರೂ ಅಂದಾಜೇ.

ಮೊದಲು ಗಿಡ ಹೇಗೆ ಕೀಳಬೇಕು

ಪೂರ್ತಿ ಸತ್ತು ಕಡ್ಡಿಯಾದ ಗಿಡ ಬೇಡ. ಸತ್ತ ಗಿಡದ ಮೇಲೆ ಹತ್ತಾರು ತರದ ಬೂಷ್ಟು ಬಂದು ಕೂರುತ್ತವೆ, ಕೊಂದವನು ಯಾರು, ಆಮೇಲೆ ಊಟಕ್ಕೆ ಬಂದವರು ಯಾರು ಅಂತ ತಿಳಿಯಲ್ಲ. ಈಗ ತಾನೇ ಬಾಡೋಕೆ ಶುರುವಾದ ಗಿಡ ಬೇಕು. ಅದರ ಪಕ್ಕದ್ದೇ ಒಂದು ಹಸಿರು ಗಿಡನೂ ಬೇಕು, ಹೋಲಿಸಿ ನೋಡೋಕೆ. ಜಗ್ಗಿ ಕೀಳಬೇಡ್ರಿ. ಜಗ್ಗಿದರೆ ಕೊಳೆತ ಸಿಪ್ಪೆ, ಸಣ್ಣ ಬೇರು, ಬುಡಕ್ಕೆ ಅಂಟಿದ ಬೂಷ್ಟು ಎಲ್ಲ ಮಣ್ಣಲ್ಲೇ ಉಳಿಯುತ್ತೆ. ಕುರ್ಪಿಯಿಂದ ಗೇಣಗಲ ಅಗೆದು, ಮಣ್ಣುಸಹಿತ ಎತ್ತಿ, ಮೊದಲು ಹಾಗೇ ಬುಡ ನೋಡಿ, ಆಮೇಲೆ ನೀರಲ್ಲಿ ಅದ್ದಿ ತೊಳೆಯಿರಿ. ಒಂದು ಗಿಡ ಸಾಲಲ್ಲ, ಹೊಲದ ಬೇರೆ ಬೇರೆ ಕಡೆಯಿಂದ ಐದಾರು ತೆಗೀರಿ.

ಕೀಳೋ ಮೊದಲು ಒಂದು ನಿಮಿಷ ಬದುವಿನ ಮೇಲೆ ನಿಂತು ಹೊಲ ನೋಡ್ರಿ. ಒಣಗಿದ್ದು ಎಲ್ಲಿ? ನೀರು ನಿಲ್ಲೋ ತಗ್ಗಲ್ಲಾ, ಅಥವಾ ಮಣ್ಣು ತೆಳುವಾಗಿರೋ ಮಡ್ಡಿ ಕಡೆನಾ? ಬಿತ್ತಿ ಎಷ್ಟು ದಿನ ಆಯ್ತು? ಮಳೆ ಹಿಡಿದ ಮೇಲೆ ಬಂತಾ, ಮಳೆ ಬಿಟ್ಟ ಮೇಲೆ ಬಂತಾ? ಈ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಸಾಸಿವೆ ಕಾಳು ಕಂಡರೆ

ಇಲ್ಲಿ ನನ್ನದೇ ತಪ್ಪು ಹೇಳಬೇಕು. ನಾನು ಓದಿದ್ದು ತೋಟಗಾರಿಕೆ. ಊರಿಗೆ ವಾಪಸ್ ಬಂದು ಸಾವಯವ ಶುರು ಮಾಡಿದ ಮೊದಲ ವರ್ಷ, ಹುಮ್ಮಸ್ಸಿನಲ್ಲಿ ತಿಪ್ಪಿಯಿಂದ ಗೊಬ್ಬರ ತಂದು ಮೃಗಶಿರ ಮಳೆಗೆ ಮುಂಚೆ ಹೊಲಕ್ಕೆ ಹಾಕಿದೆ. ಕಳಿತಿರಲಿಲ್ಲ. ಒಳಗೆ ಇನ್ನೂ ಕಣಿಕೆ ಚೂರು, ಹುಲ್ಲು ಹಾಗೇ ಇತ್ತು. ಸೋಯಾ ಚೆನ್ನಾಗಿ ಹುಟ್ಟಿತು. ಆರಿದ್ರಾ ಮಳೆ ಹದವಾಗಿ ಬಿತ್ತು, ಸೆಕೆಯೂ ಇತ್ತು. ಬಿತ್ತಿ 20-25 ದಿನಕ್ಕೆ ಅಲ್ಲಲ್ಲಿ ಗುಂಪು ಗುಂಪಾಗಿ ಸಸಿ ಬಾಡತೊಡಗಿದವು. ಬುಡದಲ್ಲಿ ನೋಡಿದರೆ ಹತ್ತಿ ಎಳೆ ಹಾಗೆ ಬೆಳ್ಳಗೆ ಹಬ್ಬಿತ್ತು. ನಾನು ಏನು ಮಾಡಿದೆ ಗೊತ್ತಾ? ಖುಷಿಪಟ್ಟೆ! "ಮಣ್ಣಲ್ಲಿ ಜೀವ ಬಂತು, ಒಳ್ಳೇ ಬೂಷ್ಟು ಬೆಳೀತಿದೆ" ಅಂತ ಫೋಟೋ ಹೊಡೆದು ಸ್ಟೇಟಸ್ ಹಾಕಿದೆ. ಬಾಡಿದ್ದು ನೀರು ನಿಂತು ಅಂದುಕೊಂಡು ಬಸಿಗಾಲುವೆ ತೆಗೆದೆ. ವಾರ ಕಳೆದ ಮೇಲೆ ಆ ಬಿಳಿ ಎಳೆಯ ಮೇಲೆ ಗುಂಡಗಿನ ಸಣ್ಣ ಕಾಳು ಕಂಡವು. ಮೊದಲು ಬಿಳಿ, ಆಮೇಲೆ ತಿಳಿ ಕಂದು, ಕೊನೆಗೆ ಥೇಟ್ ಸಾಸಿವೆ ಕಾಳು. ಆಗ ತಲೆಗೆ ಹೊಳೀತು.

ಇದು ಸ್ಕ್ಲೆರೋಷಿಯಂ ರೋಲ್ಫ್ಸಿಯೈ. ಬುಡಕೊಳೆ ಅಥವಾ ಕುತ್ತಿಗೆ ಕೊಳೆ ತರುವ ಶಿಲೀಂಧ್ರ. 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ರೋಲ್ಫ್ಸ್ ಅನ್ನೋ ವಿಜ್ಞಾನಿ ಟೊಮ್ಯಾಟೊ ಗಿಡದ ಮೇಲೆ ಇದನ್ನ ವರದಿ ಮಾಡಿದ್ರು, ಹೆಸರು ಅವರದ್ದೇ. ಟೊಮ್ಯಾಟೊದ ರೋಗ ಅಂತ ಕಾಲೇಜಿನಲ್ಲಿ ನಾನೇ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಸೋಯಾ ಬುಡದಲ್ಲಿ ಕಂಡಾಗ ಗುರುತು ಹಿಡೀಲಿಲ್ಲ!

ಗುರುತು ಹೀಗಿದೆ. ನೆಲಕ್ಕೆ ತಾಗಿದ ಜಾಗದಲ್ಲಿ, ಅಂದರೆ ಗಿಡದ ಕುತ್ತಿಗೆಯಲ್ಲಿ, ಸಿಪ್ಪೆ ಕಂದಾಗಿ ಮೆತ್ತಗಾಗಿ ಕೊಳೆತಿರುತ್ತೆ. ಅದರ ಮೇಲೆ ಬೀಸಣಿಗೆ ಹರಡಿದ ಹಾಗೆ ಬಿಳಿ ಎಳೆ. ಆ ಎಳೆ ಸುತ್ತಲಿನ ಮಣ್ಣಿನ ಮೇಲೂ ಹರಿದಿರುತ್ತೆ. ಸಾಸಿವೆ ಕಾಳು ಒಂದರಿಂದ ಎರಡು ಮಿಲಿಮೀಟರ್, ಬರಿಗಣ್ಣಿಗೆ ಕಾಣುತ್ತೆ. ಬೆಳಿಗ್ಗೆ ಇಬ್ಬನಿ ಆರೋ ಮೊದಲು ನೋಡಿದ್ರೆ ಎಳೆ ಚೆನ್ನಾಗಿ ಕಾಣುತ್ತೆ, ಬಿಸಿಲೇರಿದ ಮೇಲೆ ಅಡಗಿಬಿಡುತ್ತೆ.

ಹಾಗಾದ್ರೆ ಒಳ್ಳೇ ಬಿಳಿ, ಕೆಟ್ಟ ಬಿಳಿ ಬೇರೆ ಮಾಡೋದು ಹೇಗೆ? ಸಾವಯವ ಮಾಡೋರಿಗೆ ಇದು ಬಹಳ ಮುಖ್ಯ. ಕಸ ಕರಗಿಸೋ ಬೂಷ್ಟು ಸತ್ತ ಹುಲ್ಲು ಕಡ್ಡಿಯ ಮೇಲೆ ಇರುತ್ತೆ, ಬದುಕಿರೋ ಕಾಂಡಕ್ಕೆ ಏರಲ್ಲ. ಟ್ರೈಕೋಡರ್ಮಾ ಶುರುವಿನಲ್ಲಿ ಬಿಳಿ ಇದ್ದರೂ ಕೆಲವೇ ದಿನದಲ್ಲಿ ಹಸಿರು ಪುಡಿಯಾಗುತ್ತೆ. ಬದುಕಿರೋ ಗಿಡದ ಕುತ್ತಿಗೆ ಸುತ್ತಿ, ಕೆಳಗೆ ಸಿಪ್ಪೆ ಕೊಳೆತಿದ್ದು, ಕಾಳು ಕಟ್ಟಿದ್ರೆ ಅದು ಶತ್ರು.

ಕಂಡ ತಕ್ಷಣ ಆ ಗಿಡ, ಅದರ ಪಕ್ಕದವು, ಬುಡದ ಮೇಲ್ಮಣ್ಣು ಸಹಿತ ಚೀಲದಲ್ಲಿ ತುಂಬಿ ಹೊಲದಿಂದ ಹೊರಗೆ ಒಯ್ದು ಸುಡಬೇಕು. ತಿಪ್ಪಿಗೆ ಎಸೆದ್ರೆ ಮುಂದಿನ ವರ್ಷ ಗೊಬ್ಬರದ ಜೊತೆ ಅದೇ ಕಾಳನ್ನ ಇಡೀ ಹೊಲಕ್ಕೆ ಬಿತ್ತಿದ ಹಾಗೆ. ಆ ಕಾಳು ಮೇಲ್ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂರುತ್ತೆ. ಆಳಕ್ಕೆ ಹೋದ್ರೆ ಗಾಳಿ ಸಿಗದೆ ಮೊಳೆಯಲ್ಲ. ಅದಕ್ಕೇ ಈ ರೋಗ ಬಂದ ಹೊಲಕ್ಕೆ ಬೇಸಿಗೆಯಲ್ಲಿ ಆಳ ಉಳುಮೆ ಕೆಲಸಕ್ಕೆ ಬರುತ್ತೆ. ಉಳುಮೆ ಬೇಡ ಅನ್ನೋ ಸಾವಯವ ಗೆಳೆಯರು ಸಿಟ್ಟಾಗಬಹುದು. ನಾನು ಆ ವರ್ಷ ಉಳುಮೆ ಮಾಡಿಸಿದೆ, ಮಾಡಿಸಿದ್ದಕ್ಕೆ ಬೇಜಾರಿಲ್ಲ. ಶೇಂಗಾ, ಕಡಲೆ, ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಎಲ್ಲಕ್ಕೂ ಇದು ಬರುತ್ತೆ. ಸೋಯಾ ಮೇಲೆ ಶೇಂಗಾ, ಶೇಂಗಾ ಮೇಲೆ ಸೋಯಾ ಬಿತ್ತೋರು ಇದನ್ನ ಸಾಕುತ್ತಿದ್ದೀರಿ ಅಂತಲೇ ಲೆಕ್ಕ.

ಇದ್ದಿಲ ಪುಡಿ ಕಂಡರೆ

ಕಾಕಾನ ಹೊಲದ್ದು ಇದು. ಮ್ಯಾಕ್ರೋಫೋಮಿನಾ ಫೇಸಿಯೋಲಿನಾ, ನಮ್ಮ ಮಾತಲ್ಲಿ ಇದ್ದಿಲು ಕೊಳೆ. ಬುಡಕೊಳೆಗೆ ಸೆಕೆ ಜೊತೆ ಹಸಿ ಬೇಕು. ಇದಕ್ಕೆ ಬಿಸಿ ಜೊತೆ ಒಣ ಬೇಕು. ಮಳೆ ತಡೆದು, ಮಣ್ಣು ಕಾದು, ಗಿಡ ಬಾಯಾರಿದಾಗ ಏಳುತ್ತೆ. ಬೇರಿನೊಳಗೆ ಸಸಿ ಇದ್ದಾಗಲೇ ಹೊಕ್ಕಿರಬಹುದು, ಹೂವು ಬಿಟ್ಟು ಕಾಯಿ ತುಂಬೋವರೆಗೆ ಸುಮ್ಮನಿರುತ್ತೆ. ಗಿಡ ತನ್ನ ಶಕ್ತಿ ಎಲ್ಲ ಕಾಯಿಗೆ ಹಾಕ್ತಿರೋ ಹೊತ್ತಲ್ಲಿ ನೀರಿನ ದಾರಿ ಕಟ್ಟಿಬಿಡುತ್ತೆ. ಹೀಗಾಗಿ "ನಿನ್ನಿ ಹಸರ ಇತ್ತು" ಅನ್ನೋ ಮಾತು ಈ ರೋಗದಲ್ಲೇ ಹೆಚ್ಚು ಕೇಳ್ತೀವಿ. ರೋಗ ನಿನ್ನೆ ಬಂದಿದ್ದಲ್ಲ, ನಿನ್ನೆ ಕಂಡಿದ್ದು.

ಮಡ್ಡಿ ಕಡೆ, ಬದುವಿನ ಪಕ್ಕ, ಒತ್ತಾಗಿ ಬಿತ್ತಿದ ಜಾಗದಲ್ಲಿ ಮೊದಲು ಕಾಣುತ್ತೆ. ಎಲೆ ಬಾಡಿ ಕಂದಾದ್ರೂ ಉದುರಲ್ಲ, ತೊಟ್ಟಿಗೇ ಜೋತಾಡುತ್ತೆ. ಸೋಯಾ ತಾನಾಗೇ ಮಾಗಿದಾಗ ಹಳದಿಯಾಗಿ ಎಲೆ ಉದುರಿಸುತ್ತೆ. ರೋಗದ ಗಿಡ, ಮಾಗಿದ ಗಿಡ ದೂರದಿಂದ ಬೇರೆ ಮಾಡೋಕೆ ಇದೊಂದು ಒಳ್ಳೇ ಗುರುತು.

ಇನ್ನು ಉಗುರು ಪರೀಕ್ಷೆ. ತಾಯಿ ಬೇರಿನ ಮೇಲ್ಭಾಗ ಮತ್ತು ನೆಲದಿಂದ ನಾಲ್ಕು ಬೆರಳು ಮೇಲಿನವರೆಗಿನ ಕಾಂಡದ ಸಿಪ್ಪೆ ಕೆರೆಯಿರಿ. ಹಸಿರು ಗಿಡದಲ್ಲಿ ಸಿಪ್ಪೆ ಬಿಡಲ್ಲ, ಒಳಗೆ ಹಸಿಯಾಗಿ ಬಿಳಿ ಇರುತ್ತೆ. ರೋಗದ ಗಿಡದಲ್ಲಿ ಸಿಪ್ಪೆ ಸುಲಿದು ಬರುತ್ತೆ, ಒಳಗೆ ಬೆಳ್ಳಿಬೂದು ಬಣ್ಣ, ಅದರ ತುಂಬ ಕಪ್ಪು ಪುಡಿ. ಈ ಕಣ ಸಾಸಿವೆಗಿಂತ ಹತ್ತಿಪ್ಪತ್ತು ಪಾಲು ಸಣ್ಣವು. ಒಂದೊಂದಾಗಿ ಎಣಿಸೋಕೆ ಭೂತಗನ್ನಡಿ ಬೇಕು, ಬರಿಗಣ್ಣಿಗೆ ಮಸಿ ಬಳಿದ ಹಾಗೆ ಕಾಣುತ್ತೆ. ಆಮೇಲೆ ಚಾಕುವಿನಿಂದ ಕಾಂಡವನ್ನ ಬೇರಿನವರೆಗೆ ಉದ್ದಕ್ಕೆ ಸೀಳಿ. ಒಳಗಿನ ತಿರುಳಲ್ಲೂ ಕಪ್ಪು ಗೆರೆ, ಕಪ್ಪು ಕಣ ಇದ್ದರೆ ಅನುಮಾನ ಬೇಡ.

ಕೈಗೆ ಅಂಟಿದ್ದು ಮಣ್ಣಾ, ರೋಗದ ಪುಡಿನಾ ಅಂತ ಎರಿ ಮಣ್ಣಿನವರಿಗೆ ಗೊಂದಲ ಆಗುತ್ತೆ. ತೊಳೆದು ನೋಡ್ರಿ. ಮಣ್ಣು ಹೋಗುತ್ತೆ, ಇದು ಹೋಗಲ್ಲ.

ನಿಂತ ಬೆಳೆಗೆ ಇದಕ್ಕೆ ಔಷಧಿ ಇಲ್ಲ. ಎಲೆ ಮೇಲೆ ಹೊಡೆದ ಯಾವ ಎಣ್ಣಿಯೂ ಬೇರಿಗೆ ಇಳಿದು ಇದನ್ನ ಕೊಲ್ಲಲ್ಲ. ನಮ್ಮ ಸಾವಯವದ ಮಜ್ಜಿಗೆ, ಗೋಮೂತ್ರವೂ ಕೊಲ್ಲಲ್ಲ, ಅದನ್ನೂ ಹೇಳಿಬಿಡ್ತೀನಿ. ಕೈಲಾಗೋದು ಒಂದೇ: ನೀರಿನ ಅನುಕೂಲ ಇದ್ದರೆ ಕಾಯಿ ತುಂಬೋ ಹೊತ್ತಲ್ಲಿ ಒಂದು ತೆಳು ನೀರು. ಕಾಕಾನ ಹೊಲದ ಒಂದು ಮಗ್ಗುಲಿಗೆ ಬೋರಿನ ನೀರು ಮುಟ್ಟುತ್ತಿತ್ತು. ತುಂತುರು ಪೈಪು ಜೋಡಿಸಿ ಎರಡು ರಾತ್ರಿ ಓಡಿಸಿದ್ವಿ. ಬಾಡಿದ ಗಿಡ ಎದ್ದು ನಿಲ್ಲಲಿಲ್ಲ. ಇನ್ನೂ ಬಾಡದೇ ಇದ್ದವು ಕಾಳು ತುಂಬಿಕೊಂಡವು. ನೀರು ಮುಟ್ಟದ ಆಚೆ ಮಗ್ಗುಲಲ್ಲಿ ಹುಣಸೆ ಬೀಜದ ಸಿಪ್ಪೆ ಹಾಗೆ ಚಪ್ಪಟೆ ಕಾಯಿ ಸಿಕ್ಕವು.

ಕಥೆ ಅಲ್ಲಿಗೆ ಮುಗೀಲಿಲ್ಲ. ಹಿಂಗಾರಿಗೆ ಆ ಜಾಗದಲ್ಲಿ ಕಡಲೆ ಬೇಡ ಕಾಕಾ ಅಂದೆ. ಕಡಲೆಯಲ್ಲಿ ಒಣ ಬೇರು ಕೊಳೆ ಅಂತೀವಲ್ಲ, ಅದನ್ನ ತರೋದು ಇದೇ ಬೂಷ್ಟು. ಹಿಂಗಾರಿ ಜೋಳದಲ್ಲಿ ತೆನೆ ತುಂಬುವಾಗ ದಂಟು ಬುಡದಲ್ಲಿ ಪೊಳ್ಳಾಗಿ ಮಲಗುತ್ತಲ್ಲ, ಸೀಳಿದರೆ ಒಳಗಿನ ನಾರಿಗೆ ಕಪ್ಪು ಪುಡಿ ಅಂಟಿರುತ್ತಲ್ಲ, ಅದೂ ಇದೇ. ಗೋವಿನಜೋಳ, ಸೂರ್ಯಕಾಂತಿನೂ ಬಿಡಲ್ಲ. ನಮ್ಮ ಕಡೆ ಸೋಯಾ ಆದ ಮೇಲೆ ಬಿತ್ತೋದೇ ಕಡಲೆ ಅಥವಾ ಜೋಳ! ಬೆಳೆ ಬದಲಾಯ್ತು ಅಂತ ನಾವು ಅಂದುಕೊಳ್ತೀವಿ, ಬೂಷ್ಟಿಗೆ ಮಾತ್ರ ಊಟದ ತಟ್ಟೆ ಬದಲಾಗಿರುತ್ತೆ ಅಷ್ಟೇ. ಕಾಕಾ "ಕಡ್ಲಿ ಬಿಟ್ಟ ಏನ ಬಿತ್ತಲೋ" ಅಂತ ಕಡಲೇನೇ ಬಿತ್ತಿದ. ಜನವರಿಯಲ್ಲಿ ಕಾಯಿ ಕಟ್ಟುವಾಗ ಅದೇ ಮಡ್ಡಿ ಜಾಗದಲ್ಲಿ ಗಿಡ ಹುಲ್ಲಿನ ಬಣ್ಣಕ್ಕೆ ತಿರುಗಿದವು. ಜಗ್ಗಿದರೆ ತಾಯಿ ಬೇರು ಕಡ್ಡಿ ಹಾಗೆ ಲಟಕ್ಕಂತ ಮುರೀತು. ಮರುವರ್ಷ ಅಷ್ಟು ಜಾಗಕ್ಕೆ ಬೋರಿನ ನೀರು ಒಯ್ದು ಗೋಧಿ ಹಾಕಿದ. ಗೋಧಿಗೆ ಇದರ ಕಾಟ ಕಡಿಮೆ.

ಬುಡ ಗಟ್ಟಿ, ಕಾಂಡದ ಮೇಲೆ ಕಪ್ಪು ಚುಕ್ಕೆ

ಮೂರನೇ ತರದ್ದು ಬೇರಿನಿಂದ ಬರಲ್ಲ. ಬುಡ ಗಟ್ಟಿಯಾಗೇ ಇರುತ್ತೆ. ಕಾಂಡದ ಮೇಲೆ, ಎಲೆ ತೊಟ್ಟಿನ ಮೇಲೆ, ಕಾಯಿ ಮೇಲೆ ಕೆಂಪು ಮಿಶ್ರಿತ ಕಂದು ಅಥವಾ ಕಪ್ಪು ಮಚ್ಚೆ, ಆಕಾರ ಇಲ್ಲದ್ದು. ಇಲ್ಲಿ ಇಬ್ಬರು ಇದ್ದಾರೆ. ಒಂದು ಚಿಬ್ಬು ರೋಗ ತರುವ ಕೊಲೆಟೋಟ್ರೈಕಮ್ ಟ್ರಂಕೇಟಮ್. ಇನ್ನೊಂದು ಕಾಯಿ ಮತ್ತು ಕಾಂಡ ಅಂಗಮಾರಿ ತರುವ ಡಯಾಪೋರ್ಥೆ, ಹಳೇ ಪುಸ್ತಕದಲ್ಲಿ ಫೋಮಾಪ್ಸಿಸ್. ಎರಡಕ್ಕೂ ಹೂವಿನಿಂದ ಕೊಯ್ಲಿನವರೆಗೆ ಬಿಡದ ಮಳೆ ಬೇಕು. ಎರಡೂ ಬೀಜದಲ್ಲಿ ಕೂತು ಮುಂದಿನ ವರ್ಷಕ್ಕೆ ಬರ್ತವೆ.

ಬೇರೆ ಮಾಡೋದಕ್ಕೆ ಚುಕ್ಕೆ ಹೇಗೆ ಕೂತಿವೆ ನೋಡ್ರಿ. ಕಾಂಡದ ಉದ್ದಕ್ಕೆ ರಂಗೋಲಿ ಎಳೆಗೆ ಚುಕ್ಕಿ ಇಟ್ಟ ಹಾಗೆ ಸಾಲಾಗಿ ಕಪ್ಪು ಚುಕ್ಕೆ ಇದ್ದರೆ ಡಯಾಪೋರ್ಥೆ. ಸಾಲಿಲ್ಲದೆ ಚೆಲ್ಲಾಪಿಲ್ಲಿ ಇದ್ದು, ಭೂತಗನ್ನಡಿಯಲ್ಲಿ ನೋಡಿದಾಗ ಪ್ರತಿ ಚುಕ್ಕೆಯ ಮೇಲೆ ಗಡ್ಡದ ಕೂದಲು ಕೆರೆದು ಎರಡು ದಿನ ಆದ ಹಾಗೆ ಕಪ್ಪು ಮುಳ್ಳು ನಿಂತಿದ್ದರೆ ಚಿಬ್ಬು. ಮೊಬೈಲಿನಲ್ಲಿ ಮ್ಯಾಕ್ರೋ ಕ್ಯಾಮೆರಾ ಇದ್ದರೆ ಈ ಮುಳ್ಳು ಸಿಗುತ್ತೆ. ಇಲ್ಲದಿದ್ರೆ ಕ್ಯಾಮೆರಾ ಮುಂದೆ ಸಣ್ಣ ಭೂತಗನ್ನಡಿ ಹಿಡಿದು ಹೊಡೀರಿ.

ಒಂದು ಎಚ್ಚರಿಕೆ. ಕೊಯ್ಲಿಗೆ ಬಂದು ಎಲೆ ಉದುರಿದ ಕಾಂಡದ ಮೇಲೆ ಸಾಲು ಚುಕ್ಕೆ ಕಂಡ ಮಾತ್ರಕ್ಕೆ ಇಳುವರಿ ಹೋಯ್ತು ಅಂತ ಗಾಬರಿ ಬೇಡ. ಮಾಗಿದ ಗಿಡದಲ್ಲಿ ಅದು ಸಾಮಾನ್ಯ. ಚಿಂತೆ ಮಾಡಬೇಕಾದ್ದು ಕಾಯಿಗೆ ಏರಿ ಕಾಳಿಗೆ ಹೊಕ್ಕರೆ. ಹಾಗೆ ಹೊಕ್ಕ ಕಾಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಸುಕ್ಕಾಗಿ, ಉದ್ದುದ್ದ ಆಗಿರುತ್ತೆ. ಮಾಗಿದ ಬೆಳೆ ಮಳೆಯಲ್ಲಿ ನಿಂತಷ್ಟು ದಿನ ಇದು ಹೆಚ್ಚುತ್ತೆ. ರಾಶಿ ಮಷಿನ್ ಸಿಗಲಿಲ್ಲ ಅಂತ ವಾರಗಟ್ಟಲೆ ಬಿಡೋದರ ನಷ್ಟ ಇಲ್ಲಿದೆ.

ಬೂಷ್ಟೇ ಅಲ್ಲದೇ ಇರಬಹುದು

ಕಾಂಡ ಸೀಳಿ ಅಂತ ಪದೇ ಪದೇ ಹೇಳೋದಕ್ಕೆ ಇನ್ನೊಂದು ಕಾರಣ ಹುಳ. ಸೀಳಿದಾಗ ತಿರುಳಿನಲ್ಲಿ ಕೆಂಪುಕಂದು ಬಣ್ಣದ ಅಂಕುಡೊಂಕು ಸುರಂಗ, ಅದರೊಳಗೆ ಬೆಳ್ಳಗಿನ ಸಣ್ಣ ಮರಿಹುಳ ಅಥವಾ ಕಂದು ಕೋಶ ಇದ್ದರೆ ಅದು ಕಾಂಡದ ನೊಣ. ಕಾಂಡದ ಮೇಲೆ ಅಥವಾ ತೊಟ್ಟಿನ ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಎರಡು ಉಂಗುರ, ಅದರ ಮೇಲಿನ ಭಾಗ ಮಾತ್ರ ಬಾಡಿ, ಕೆಳಗೆ ಹಸಿರಾಗಿದ್ದರೆ ಅದು ಉಂಗುರ ಕೊರೆಯುವ ದುಂಬಿ. ಆ ಎರಡು ಉಂಗುರದ ನಡುವೆ ಅದು ಮೊಟ್ಟೆ ಇಡುತ್ತೆ. ಎರಡಕ್ಕೂ ಶಿಲೀಂಧ್ರನಾಶಕ ಹೊಡೆದರೆ ಏನೂ ಆಗಲ್ಲ. ಒಂದೇ ಗಿಡದಲ್ಲಿ ನೊಣದ ಸುರಂಗನೂ, ಬುಡದಲ್ಲಿ ಇದ್ದಿಲ ಪುಡಿನೂ ನಾನು ನೋಡಿದ್ದೀನಿ. ಒಂದು ಗುರುತು ಸಿಕ್ಕಿತು ಅಂತ ಅಲ್ಲಿಗೆ ನಿಲ್ಲಿಸದೆ ಪೂರ್ತಿ ಸೀಳಿ.

ಕವರಿನಲ್ಲಿ ಮೂರು ದಿನ

ಇಷ್ಟಾದ್ರೂ ಗೊತ್ತಾಗಲಿಲ್ಲ ಅಂದ್ರೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ತೊಳೆದ ಕಾಂಡದಿಂದ, ರೋಗ ಮತ್ತು ಹಸಿರು ಎರಡೂ ಕೂಡೋ ಅಂಚಿನ ಜಾಗ ಬರೋ ಹಾಗೆ ಎರಡು ಬೆರಳು ಉದ್ದದ ತುಂಡು ಕತ್ತರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ನೀರು ಚಿಮುಕಿಸಿದ ಪೇಪರ್ ಹಾಸಿ, ತುಂಡು ಇಟ್ಟು, ಗಾಳಿ ತುಂಬಿ ಕಟ್ಟಿ ನೆರಳಲ್ಲಿ ಇಡಿ. ನೀರು ತೊಟ್ಟಿಕ್ಕೋ ಹಾಗೆ ಇರಬಾರದು, ಬರೇ ಹಸಿ ಸಾಕು. ಪಕ್ಕದಲ್ಲಿ ಹಸಿರು ಗಿಡದ ತುಂಡಿನದ್ದೂ ಒಂದು ಕವರ್.

ಎರಡು ಮೂರು ದಿನದಲ್ಲಿ ಬೆಳ್ಳಗೆ ರೇಷ್ಮೆ ಎಳೆ ಭರಭರ ಹಬ್ಬಿ, ಒಂದು ವಾರದ ಹೊತ್ತಿಗೆ ಕಾಳು ಕಟ್ಟಿದ್ರೆ ಬುಡಕೊಳೆ. ಬೂದು ಎಳೆ ಬಂದು ಕಪ್ಪು ಕಣ ಹೆಚ್ಚಾದ್ರೆ ಇದ್ದಿಲು ಕೊಳೆ. ಕಪ್ಪು ಚುಕ್ಕೆಯಿಂದ ನಸುಗುಲಾಬಿ ಬಣ್ಣದ ಅಂಟು ಒಸರಿದರೆ ಚಿಬ್ಬು, ಕೆನೆ ಬಣ್ಣದ ದಾರ ಸುರುಳಿ ಹೊರಗೆ ಬಂದರೆ ಡಯಾಪೋರ್ಥೆ. ಹಸಿರು, ಕಪ್ಪು, ಹಳದಿ ಎಲ್ಲ ಬಣ್ಣದ್ದೂ ಒಟ್ಟಿಗೆ ಬಂದ್ರೆ ತುಂಡು ಹಳೇದಿತ್ತು ಅಂತ ಅರ್ಥ, ಮತ್ತೆ ಹೊಸ ಗಿಡ ತನ್ನಿ. ನೋಡಿ ಆದ ಮೇಲೆ ಕವರ್ ಹೊಲಕ್ಕೆ ಎಸೀಬೇಡ್ರಿ.

ಅನುಮಾನ ಉಳಿದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡನೇ ಒಯ್ಯಿರಿ, ಪೇಪರಿನಲ್ಲಿ ಸುತ್ತಿ, ಅವತ್ತೇ. ಫೋಟೋ ಕಳಿಸೋದಾದ್ರೆ ಎಲೆದಷ್ಟೇ ಕಳಿಸಬೇಡ್ರಿ. ದೂರದಿಂದ ಹೊಲದ್ದು ಒಂದು, ಪೂರ್ತಿ ಗಿಡ ಬೇರುಸಹಿತ ಒಂದು, ತೊಳೆದ ಬುಡ ಹತ್ತಿರದಿಂದ ಒಂದು, ಸೀಳಿದ ಕಾಂಡ ಒಂದು. ಬಿಳಿ ಪೇಪರ್ ಮೇಲಿಟ್ಟು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಹೊಡೆದರೆ ಅಳತೆ ತಿಳಿಯುತ್ತೆ. ಬಿತ್ತಿದ ದಿನ, ತಳಿ, ಹಿಂದಿನ ಬೆಳೆ, ಕೊನೇ ಮಳೆ ಯಾವಾಗ ಅನ್ನೋದನ್ನ ಬರೆದು ಹಾಕಿ. ಫೋನ್ ಮಾಡಿ ಕೇಳೋದಾದ್ರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಬಿತ್ತಿಗೆಗೆ

ಗುರುತಿಸಿದ್ದರ ಲಾಭ ಹೆಚ್ಚಾಗಿ ಸಿಗೋದು ಮುಂದಿನ ಹಂಗಾಮಿಗೆ. ನಿಂತ ಬೆಳೆಯಲ್ಲಿ ಬಾಡಿದ ಗಿಡ ಬದುಕಲ್ಲ, ಅದನ್ನ ಒಪ್ಪಿಕೊಳ್ಳಬೇಕು.

ಮಣ್ಣಿನಿಂದ ಬರೋ ಮೊದಲೆರಡಕ್ಕೆ ನಾನು ಮಾಡೋದು: ಎಕರೆಗೆ 100 ಕೆಜಿ ಪೂರ್ತಿ ಕಳಿತ ಗೊಬ್ಬರಕ್ಕೆ 2 ಕೆಜಿ ಟ್ರೈಕೋಡರ್ಮಾ ಬೆರೆಸಿ, ನೆರಳಲ್ಲಿ ಗೋಣಿತಟ್ಟು ಮುಚ್ಚಿ, ಹಸಿ ಆರದ ಹಾಗೆ ಹತ್ತು ಹದಿನೈದು ದಿನ ಇಟ್ಟು, ಹಸಿರು ಹಬ್ಬಿದ ಮೇಲೆ ಬಿತ್ತೋ ಹೊತ್ತಿಗೆ ಮಣ್ಣಿಗೆ ಸೇರಿಸ್ತೀನಿ. ಬೀಜಕ್ಕೆ ಕೆಜಿಗೆ 5 ರಿಂದ 10 ಗ್ರಾಂ ಬೇರೆ. ಪ್ಯಾಕೆಟಿನ ಮೇಲಿನ ತಯಾರಾದ ತಾರೀಕು ನೋಡ್ರಿ. ಅಂಗಡಿಯಲ್ಲಿ ಬಿಸಿಲಿಗೆ ವರ್ಷಗಟ್ಟಲೆ ಕೂತ ಪ್ಯಾಕೆಟ್ ಬರೇ ಸುದ್ದೆಪುಡಿ. ಟ್ರೈಕೋಡರ್ಮಾ ಮುಂಚೆ ಕಾವಲು ಕೂರೋ ಆಳು, ಬಾಡಿದ ಗಿಡದ ಬುಡಕ್ಕೆ ಸುರಿದರೆ ಪ್ರಯೋಜನ ಇಲ್ಲ. ಜೊತೆಗೆ ಇದ್ದಿಲು ಕೊಳೆ ಬಂದ ಜಾಗದಲ್ಲಿ ಬೀಜ ಒತ್ತಾಗಿ ಬಿತ್ತಬೇಡ್ರಿ, ಗಿಡ ಹೆಚ್ಚಾದಷ್ಟು ನೀರಿಗೆ ಜಗಳ ಹೆಚ್ಚು.

ಬೀಜದಿಂದ ಬರೋ ಮೂರನೇದಕ್ಕೆ ಸಾವಯವದಲ್ಲಿ ನಮ್ಮ ಕೈ ಸ್ವಲ್ಪ ಕಟ್ಟಿದ ಹಾಗೇ. ರಾಸಾಯನಿಕ ಬಳಸೋರು ಕಾಯಿ ಕಟ್ಟೋ ಹೊತ್ತಿಗೆ ಸಿಂಪಡಣೆ ಮಾಡಿದ್ರೆ ಹತೋಟಿ ಸಿಗುತ್ತೆ, ಯಾವುದು ಎಷ್ಟು ಅಂತ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ನಮಗೆ ಇರೋದು ಬೀಜ. ಮಳೆಗೆ ಸಿಕ್ಕ ರಾಶಿಯಿಂದ ಬೀಜ ಇಡಬೇಡ್ರಿ. ಇಟ್ಟಿದ್ದೇ ಆದ್ರೆ ಮೇ ತಿಂಗಳಲ್ಲಿ ಸುಕ್ಕಾದ, ಬೆಳ್ಳಗಾದ ಕಾಳು ಆರಿಸಿ ತೆಗೆದು, ಉಳಿದಿದ್ದರಲ್ಲಿ ಆರಿಸದೆ ನೂರು ಕಾಳು ಎಣಿಸಿಕೊಂಡು ಹಸಿ ಪೇಪರಿನಲ್ಲಿ ಸುತ್ತಿ ಇಡಿ. ಐದಾರು ದಿನ ಬಿಟ್ಟು ಬಿಚ್ಚಿ. ಗಟ್ಟಿಯಾಗಿ ಮೊಳೆತಿದ್ದು ಎಷ್ಟು, ಬೂಷ್ಟು ಹಿಡಿದು ಮೆತ್ತಗಾಗಿದ್ದು ಎಷ್ಟು ಎಣಿಸಿ. ಪ್ರಮಾಣಿತ ಬೀಜಕ್ಕೆ ಕನಿಷ್ಠ 70 ಮೊಳೀಬೇಕು ಅಂತ ನಿಯಮ. ಹೋದ ವರ್ಷ ಕಾಕಾ ತನ್ನ ಮನೆಯ ಬೀಜದ್ದು ಎಣಿಸಿದಾಗ 52 ಬಂತು. "ಹೆಚ್ಚಿಗಿ ಬೀಜ ಹಾಕಿ ಬಿತ್ತಿದ್ರ ಆತಲ್ಲೋ" ಅಂದ. ಬೂಷ್ಟು ಹಿಡಿದ ಕಾಳಿನ ಒಂದನ್ನ ಭೂತಗನ್ನಡಿಯಲ್ಲಿ ತೋರಿಸಿದೆ. ಕಪ್ಪು ಮುಳ್ಳು ನಿಂತಿದ್ದವು. ಸ್ವಲ್ಪ ಹೊತ್ತು ನೋಡಿದ, ಏನೂ ಅನ್ನಲಿಲ್ಲ. ಮರುದಿನ ರೈತ ಸಂಪರ್ಕ ಕೇಂದ್ರದ ಸಾಲಲ್ಲಿ ನಿಂತು ಬೀಜದ ಚೀಲ ತಂದ.